ಎಂಟು ಡಿಗ್ರಿಯ ಬೀಗ: ಮಡಚುವ ಚಾಕು ಮಾಡಿದ ನನ್ನ ಅನುಭವ

ಪೀಣ್ಯದ ಟೂಲ್‌ರೂಮಿನಲ್ಲಿ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಮಾಡಿಕೊಂಡಿದ್ದ ನಾನು ಮಡಚುವ ಚಾಕುವಿಗೆ ಕೈಹಾಕಿದ್ದು ಸೈನ್ಯದಿಂದ ನಿವೃತ್ತರಾಗಿ ಬಂದ ಸೋದರಮಾವನ ಒಂದು ಮಾತಿನಿಂದ. ಹಿಮದ ಠಾಣೆಯಲ್ಲಿ ದಪ್ಪ ಕೈಗವಸು ತೊಟ್ಟವನಿಗೆ, ಉಗುರು ಸಿಕ್ಕಿಸಿ ಎರಡೂ ಕೈಯಿಂದ ಬಿಚ್ಚಬೇಕಾದ ಚಾಕು ಇದ್ದೂ ಇಲ್ಲದಂತೆ ಎಂದಿದ್ದರು ಅವರು. ಸೈನಿಕನ ಚಾಕು ಎಂದರೆ ಕಾದಾಟದ ಆಯುಧ ಎಂದೇ ತಿಳಿದಿದ್ದ ನನಗೆ, ಮಡಚುವ ಚಾಕುವಿನ ನಿತ್ಯದ ಕೆಲಸ ಹಗ್ಗ, ಪಟ್ಟಿ, ಪೊಟ್ಟಣ ಕತ್ತರಿಸುವುದು ಎಂದು ಗೊತ್ತಾದದ್ದು ಆಗಲೇ. 1891ರಲ್ಲಿ ಸ್ವಿಸ್ ಸೈನಿಕರ ಕೈಸೇರಿದ ಚಾಕುವಿನಲ್ಲೂ ಅಲಗಿನ ಜೊತೆ ಡಬ್ಬಿ ತೆರೆಯುವ ಸಾಧನ ಮತ್ತು ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್ ಇದ್ದವು.

ಒಂದೇ ಕೈಯಲ್ಲಿ ತೆರೆಯುವುದಕ್ಕೆ ಅಮೆರಿಕದ ಚಾಕು ತಯಾರಕ ಅರ್ನೆಸ್ಟ್ ಎಮರ್ಸನ್ ಅಲಗಿನ ಬೆನ್ನಿಗೆ ಕೊಕ್ಕೆಯೊಂದನ್ನು ಇಟ್ಟಿದ್ದಾರೆ. ಅದು ಜೇಬಿನ ಅಂಚಿಗೆ ಸಿಕ್ಕಿ, ಚಾಕು ಹೊರಬರುವಾಗಲೇ ತೆರೆದುಕೊಂಡಿರುತ್ತದೆ. ಜೇಬನ್ನೂ ಅಷ್ಟೇ ಚೆನ್ನಾಗಿ ಹರಿಯುವ ಆ ಕೊಕ್ಕೆಯ ಗೊಡವೆಗೆ ಹೋಗದೆ ನಾನು ಅಲಗಿನ ಮೇಲೆ ಹೆಬ್ಬೆರಳಿಗೆ ಸಿಗುವ ದಪ್ಪ ಗುಬುಟನ್ನು ಕೂರಿಸಿದೆ.

ಅಲಗಿಗೆ ಆರಿಸಿದ್ದು ಡೈ ಕೆಲಸದಲ್ಲಿ ಕೈಗೆ ಪಳಗಿದ ಡಿ2 ಎಂಬ ಗಟ್ಟಿ ಉಕ್ಕು. ಅದರಲ್ಲಿ ಸುಮಾರು ಶೇ. 1.5 ಇಂಗಾಲ, ಶೇ. 12 ಕ್ರೋಮಿಯಂ ಇರುತ್ತದೆ. 1010 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ, ಎರಡು ಅಲ್ಯೂಮಿನಿಯಂ ಫಲಕಗಳ ನಡುವೆ ಒತ್ತಿ ತಣಿಸಿ, 200 ಡಿಗ್ರಿಯಲ್ಲಿ ಎರಡು ಸಲ ಹದಗೊಳಿಸಿದೆ. ದಿನವೂ ಮಾಡುತ್ತಿದ್ದ ಕೆಲಸವಾದ್ದರಿಂದ ಅಲ್ಲಿ ತೊಡಕೇನೂ ಆಗಲಿಲ್ಲ.

ತೊಡಕಿದ್ದದ್ದು ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಬೀಗದಲ್ಲಿ. ಹಳೆಯ ಉಪಾಯವೊಂದನ್ನು ತಿದ್ದಿ ಚಾಕು ತಯಾರಕ ಮೈಕೆಲ್ ವಾಕರ್ 1980ರ ದಶಕದ ಆರಂಭದಲ್ಲಿ ರೂಪಿಸಿದ ಲೈನರ್ ಲಾಕ್‌ನಲ್ಲಿ, ಹಿಡಿಯೊಳಗಿನ ತೆಳು ಲೋಹದ ಪಟ್ಟಿಯೇ ಸ್ಪ್ರಿಂಗಿನಂತೆ ಒಳಕ್ಕೆ ಬಾಗಿ, ತೆರೆದ ಅಲಗಿನ ಬುಡಕ್ಕೆ ಆನಿಕೊಂಡು ನಿಲ್ಲುತ್ತದೆ. ಪಟ್ಟಿ ಹಾಗೆ ಆನಿಕೊಳ್ಳುವ ಬುಡದ ಮುಖವನ್ನು ಓರೆಯಾಗಿ ಅರೆಯಬೇಕು. ಮೊದಲ ಚಾಕುವಿನಲ್ಲಿ ಆ ಓರೆ ಹನ್ನೆರಡು ಡಿಗ್ರಿಯಷ್ಟಾಗಿ, ಅಲಗಿನ ಬೆನ್ನನ್ನು ಮೇಜಿಗೆ ಮೆಲ್ಲಗೆ ಕುಟ್ಟಿದ್ದೇ ತಡ, ಪಟ್ಟಿ ಜಾರಿ ಅಲಗು ತೋರುಬೆರಳಿನ ಮೇಲೆ ಮಡಚಿಕೊಂಡಿತು. ಮೂರು ಹೊಲಿಗೆ ಬಿದ್ದವು. ಎರಡನೆಯದರಲ್ಲಿ ಹೆದರಿ ಐದಕ್ಕೆ ಇಳಿಸಿದೆ. ಅದು ಜಾರಲಿಲ್ಲ ನಿಜ, ಆದರೆ ಟೈಟಾನಿಯಂ ಪಟ್ಟಿ ಉಕ್ಕಿಗೆ ಕಚ್ಚಿಕೊಂಡು ಮುಚ್ಚಲು ಎರಡೂ ಹೆಬ್ಬೆರಳು ಬೇಕಾದವು. ಮೂರನೆಯದಕ್ಕೆ ಅರೆಯುವಾಗ ಓರೆ ತಪ್ಪದಂತೆ ಹಿಡಿಯುವ ಎಂಟು ಡಿಗ್ರಿಯ ಜಿಗ್ ಮಾಡಿಕೊಂಡು, ಅಲಗಿನ ಬುಡಕ್ಕೆ ನೀಲಿ ಮಾರ್ಕರ್ ಬಳಿದು ತೆರೆದು ಮುಚ್ಚಿ, ಶಾಯಿ ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ಕಲ್ಲಿನಿಂದ ಉಜ್ಜುತ್ತಾ ಹೋದೆ. ಕೀಲಿನಿಂದ ಆದಷ್ಟು ದೂರದ ಕೆಳಮೂಲೆಯಲ್ಲೇ ಪಟ್ಟಿ ತಾಗುವಂತಾಗಲು ಒಂದಿಡೀ ಭಾನುವಾರ ಹಿಡಿಯಿತು.

ಮಾವ ವೆಲ್ಡಿಂಗ್ ಗವಸು ತೊಟ್ಟು ಪರೀಕ್ಷಿಸಿದರು. ಚಾಕು ಒಂದೇ ಸಲಕ್ಕೆ ತೆರೆಯಿತು, ಬೆನ್ನಿಗೆ ಎಷ್ಟು ಕುಟ್ಟಿದರೂ ಬೀಗ ಅಲುಗಲಿಲ್ಲ. ಆದರೆ ಮುಚ್ಚಲು ಹೋದಾಗ, ಬದಿಗೆ ಒತ್ತಬೇಕಾದ ಪಟ್ಟಿಯ ಅಂಚು ಗವಸಿಗೆ ಸಿಗಲೇ ಇಲ್ಲ. ಚಾಕುವನ್ನು ಮತ್ತೆ ಬಿಚ್ಚಿ, ಪಟ್ಟಿಗೆ ಬೆರಳು ತಲುಪಲೆಂದು ಹಿಡಿಯಲ್ಲಿ ಬಿಟ್ಟಿದ್ದ ಅರ್ಧಚಂದ್ರದ ಕಚ್ಚನ್ನು ಅರದಿಂದ ಇನ್ನೆರಡು ಮಿಲಿಮೀಟರ್ ಆಳ ಮಾಡಿಕೊಟ್ಟೆ.