ನರರೋಗ ಪರೀಕ್ಷಿಸಲು ನಾನು ಕಲಿತ ಬಗೆ

ಎಂ.ಡಿ. ಮುಗಿಸಿ ನರರೋಗ ವಿಭಾಗಕ್ಕೆ ಸೇರಿದ ಮೇಲೆ ಹಿರಿಯ ವೈದ್ಯರು ನಮಗೆ ಹಾಕಿದ್ದ ಕಟ್ಟಳೆ ಒಂದೇ: ರೋಗದ ಹೆಸರು ಹೇಳುವ ಮುನ್ನ ತೊಂದರೆ ಮೆದುಳಿನಲ್ಲಿದೆಯೋ, ಬೆನ್ನುಹುರಿಯಲ್ಲಿದೆಯೋ, ನರದಲ್ಲಿದೆಯೋ, ಸ್ನಾಯುವಿನಲ್ಲಿದೆಯೋ ಹೇಳಬೇಕು, ಅಲ್ಲಿಯವರೆಗೆ ಎಂಆರ್‌ಐ ಫಿಲ್ಮನ್ನು ಲಕೋಟೆಯಿಂದ ತೆಗೆಯುವಂತಿಲ್ಲ. ಬಾಯಿ ಸೊಟ್ಟಗಾಗಿದೆ ಎಂದು ಬಂದವರಿಗೆ ಹುಬ್ಬು ಮೇಲೆತ್ತಲು ಹೇಳುತ್ತಿದ್ದೆವು. ಅದೇ ಬದಿಯ ಹಣೆಯಲ್ಲೂ ಸುಕ್ಕು ಮೂಡದಿದ್ದರೆ ದೋಷ ಸಾಮಾನ್ಯವಾಗಿ ಮುಖದ ನರದಲ್ಲೇ ಇರುತ್ತದೆ. ಹಣೆ ಸುಕ್ಕುಗಟ್ಟಿ ಬಾಯಿ ಮಾತ್ರ ಓರೆಯಾಗಿದ್ದರೆ ಪಾರ್ಶ್ವವಾಯುವನ್ನು ಶಂಕಿಸಿ ತಡಮಾಡದೆ ಸ್ಕ್ಯಾನಿಗೆ ಕಳಿಸಬೇಕು.

ಹ್ಯಾಮರ್, ಅಂದರೆ ರಬ್ಬರ್ ತಲೆಯ ಪುಟ್ಟ ಸುತ್ತಿಗೆ, ಬಳಸುವುದನ್ನು ಪುಸ್ತಕ ಓದಿ ಕಲಿಯಲಾಗದು. ಮಣಿಕಟ್ಟನ್ನು ಸಡಿಲಬಿಟ್ಟು, ಹ್ಯಾಮರ್ ತನ್ನ ಭಾರಕ್ಕೇ ಬೀಳುವಂತೆ ಮಂಡಿಚಿಪ್ಪಿನ ಕೆಳಗೆ ತಟ್ಟಬೇಕು. ತಟ್ಟಿದಾಗ ಕಾಲು ತಾನಾಗಿಯೇ ಮುಂದಕ್ಕೆ ಚಿಮ್ಮುವುದೇ ರಿಫ್ಲೆಕ್ಸ್. ರೋಗಿ ಕಾಲು ಬಿಗಿಹಿಡಿದಿದ್ದರೆ ಏನೂ ಕಾಣದು. ಆಗ ಎರಡೂ ಕೈಗಳ ಬೆರಳುಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆಯಲು ಹೇಳಿ, ಎಳೆಯುತ್ತಿರುವಾಗಲೇ ತಟ್ಟಿದರೆ, ಇಲ್ಲವೆಂದು ಬರೆಯಲು ಹೊರಟಿದ್ದ ರಿಫ್ಲೆಕ್ಸ್ ಎಷ್ಟೋ ಸಲ ಕಾಣಿಸಿಕೊಳ್ಳುತ್ತದೆ. ಅಂಗಾಲಿನ ಹೊರ ಅಂಚನ್ನು ಹಿಮ್ಮಡಿಯಿಂದ ಮುಂದಕ್ಕೆ ಗೀರಿದಾಗ ಹೆಬ್ಬೆರಳು ಮೇಲೇಳುವುದನ್ನು ಫ್ರಾನ್ಸಿನ ನರವೈದ್ಯ ಬಾಬಿನ್ಸ್ಕಿ 1896ರಲ್ಲಿ ವಿವರಿಸಿದರು. ವಯಸ್ಕರಲ್ಲಿ ಅದು ಮೆದುಳಿನಿಂದ ಬೆನ್ನುಹುರಿಗಿಳಿಯುವ ಚಲನೆಯ ದಾರಿಗೆ ಪೆಟ್ಟಾಗಿರುವುದರ ಗುರುತು. ಕಚಗುಳಿಯಿಂದ ಕಾಲೆಳೆದುಕೊಳ್ಳುವವರಲ್ಲಿ ನಾನು ಹೆಬ್ಬೆರಳಿನ ಮೊದಲ ಚಲನೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇನೆ. ಬರಿಗಾಲಲ್ಲಿ ದುಡಿದು ಅಂಗಾಲು ಜಡ್ಡುಗಟ್ಟಿದವರಲ್ಲಿ ಪಾದದ ಹೊರಬದಿಯ ಚರ್ಮವನ್ನು, ಹರಡಿನ ಕೆಳಗಿನಿಂದ ಮುಂದಕ್ಕೆ, ಗೀರುವುದು ಹೆಚ್ಚು ಫಲಕಾರಿ.

ಮೂರ್ಛೆರೋಗದಲ್ಲಿ ಮಾತ್ರ ಹ್ಯಾಮರಿಗಿಂತ ಪ್ರಶ್ನೆಯೇ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ನಮ್ಮೆದುರು ಕುಳಿತ ರೋಗಿಯಲ್ಲಿ ಬಹಳ ಸಲ ಯಾವ ದೋಷವೂ ಸಿಗುವುದಿಲ್ಲ, ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯೂ ಸಹಜವಾಗಿರಬಹುದು. ದಕ್ಷಿಣ ಕರ್ನಾಟಕದಲ್ಲಿ ಕೆಲಸ ಮಾಡುವವರು ತಪ್ಪದೆ ಕೇಳಬೇಕಾದದ್ದು ತಲೆಸ್ನಾನದ ಬಗ್ಗೆ. ಬಿಸಿನೀರನ್ನು ತಲೆಯ ಮೇಲೆ ಚೊಂಬಿನಿಂದ ಒಂದರ ಹಿಂದೊಂದು ಸುರಿದುಕೊಳ್ಳುವಾಗ ಬರುವ ಮೂರ್ಛೆಯ ಕುರಿತು ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ವರದಿ ಮಾಡಿದ್ದರು. ಆದರೆ ಮನೆಯವರು ಬಚ್ಚಲಿನಲ್ಲಿ ಬಿದ್ದದ್ದನ್ನು ತಲೆಸುತ್ತು ಎಂದೋ, ನೀರಿನ ಹಬೆಗೆ ಉಸಿರು ಕಟ್ಟಿತೆಂದೋ ಹೇಳುತ್ತಾರೆ. "ನೀರು ಹುಯ್ಯುತ್ತಿದ್ದವರು ಯಾರು?" ಎಂದು ಕೇಳಿ ಅವರನ್ನೇ ಒಳಗೆ ಕರೆಸಿಕೊಂಡರೆ ಕಣ್ಣು ಒಂದೇ ಕಡೆ ನೆಟ್ಟದ್ದು, ಮಾತು ತೊದಲಿದ್ದು, ಕೆಲವರಲ್ಲಿ ಒಂದು ಬಗೆಯ ಹಿತವೆನಿಸಿ ಬೇಡವೆಂದರೂ ಇನ್ನಷ್ಟು ನೀರು ಸುರಿದುಕೊಂಡದ್ದು ತಿಳಿಯುತ್ತದೆ.

ಚಿಕಿತ್ಸೆಯ ಮೊದಲ ಹೆಜ್ಜೆಯಾಗಿ ನೀರಿನ ಬಿಸಿಯನ್ನು ಉಗುರುಬೆಚ್ಚಗೆ ಇಳಿಸಲು, ತಲೆಗೆ ನೇರವಾಗಿ ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸಲು, ಬಚ್ಚಲಿನ ಚಿಲಕ ಹಾಕದಿರಲು ಹೇಳುತ್ತೇನೆ. ಅಷ್ಟಕ್ಕೆ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಮೂರ್ಛೆ ತಡೆಯುವ ಕ್ಲೋಬಜಾಮ್ ಎಂಬ ಔಷಧ ಕೊಡುವ ಕ್ರಮವಿದೆ. ಸ್ನಾನವಿಲ್ಲದ ಹೊತ್ತಿನಲ್ಲೂ ಮೂರ್ಛೆ ಬರುವವರಿಗೆ ನಿತ್ಯದ ಮಾತ್ರೆ ಬೇಕಾಗುತ್ತದೆ.