ಅಲಾರಾಂ ಹೊಡೀತೋ, ನಿಂತಿತೋ?

ಇಂಗ್ಲೆಂಡಿನ ಒಂದು ಕೋಲ್ಡ್ ಸ್ಟೋರೇಜ್ ಕಂಪನಿಗೆ ನಾವು ಬೆಂಗಳೂರಿನಲ್ಲಿ ಕೂತು ಸಪೋರ್ಟ್ ಕೊಡುತ್ತಿದ್ದೆವು. ನಾನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ನೈಟ್ ಶಿಫ್ಟ್‌ನಲ್ಲಿ ಒಂದು ಟಿಕೆಟ್, ಅಂದರೆ ಆ ಕಡೆಯವರು ಬರೆದು ಕಳಿಸಿದ ದೂರು, ಬಂತು. ಒಂದೇ ಸಾಲು: ‘ಫ್ರೀಜರ್ ಅಲಾರ್ಮ್ ವೆಂಟ್ ಆಫ್ ಅಟ್ ಟು ಟೆನ್.’ ಸರಿ, ಅಲಾರಾಂ ಆಫ್ ಆಗಿದೆ, ತೊಂದರೆ ತಾನಾಗೇ ಹೋಗಿದೆ ಅಂದುಕೊಂಡೆ. ಟಿಕೆಟ್ ಕ್ಲೋಸ್ ಮಾಡಿ ಟೀ ಕುಡಿಯಲು ಹೋದೆ.

ವಾಪಸ್ ಬರುವಷ್ಟರಲ್ಲಿ ಫೋನು. ಆ ಕಡೆಯವರು ಬೈಯಲಿಲ್ಲ. ತುಂಬಾ ಮರ್ಯಾದೆಯಿಂದ, ಅಲಾರಾಂ ಇನ್ನೂ ಕೂಗುತ್ತಿದೆ, ಯಾಕೆ ಕ್ಲೋಸ್ ಮಾಡಿದಿರಿ ಅಂತ ಕೇಳಿದರು. ಬೈದಿದ್ದರೇ ವಾಸಿ ಇತ್ತು. ನಮ್ಮ ಟೀಮ್ ಲೀಡ್ ಮೇಡಂ ಸ್ಕ್ರೀನ್ ನೋಡಿ ತಲೆ ಚಚ್ಚಿಕೊಂಡರು. “ವೆಂಟ್ ಆಫ್ ಅಂದ್ರೆ ಹೊಡ್ಕೊಳ್ತು ಅಂತ ಕಣಪ್ಪಾ, ನಿಂತಿತು ಅಂತಲ್ಲ!”

ಆಫ್ ಅಂದ್ರೆ ಆಫ್ ಅಲ್ವಾ? ಆಮೇಲೆ ಹೊಳೆಯಿತು, ನನಗೆ ಗೊತ್ತಿದ್ದ ‘ಆಫ್’ ಕನ್ನಡದ್ದು. ಲೈಟ್ ಆಫ್ ಮಾಡು, ಮೊಬೈಲ್ ಆಫ್ ಆಗಿದೆ, ಗಾಡಿ ಸಿಗ್ನಲ್‌ನಲ್ಲಿ ಆಫ್ ಆಗೋಯ್ತು. ಸ್ವಿಚ್ಚಿನ ಜೊತೆ ನಮ್ಮ ಮನೆಗೆ ಬಂದ ಪದ ಅದು. (ಅರ್ಧ ಟಿಕೆಟ್ಟಿಗೂ ‘ಆಫ್ ಟಿಕೆಟ್’ ಅಂತೀವಿ, ಅದು ಬೇರೆ ಕಥೆ.) ಇಂಗ್ಲಿಷಿನವರ ಆಫ್ ಸ್ವಿಚ್ಚಿಗಿಂತ ಎಷ್ಟೋ ಹಳೆಯದು. ಅದೂ ‘ಆವ್’ (of) ಅನ್ನೋ ಪದವೂ ಮೊದಲು ಒಂದೇ ಆಗಿದ್ದವು. ಪೂರ್ತಿ ಬೇರೆಯಾಗಿದ್ದು 17ನೇ ಶತಮಾನದ ಹೊತ್ತಿಗೆ. ಅದರ ಹಳೆಯ ಅರ್ಥ ‘ಇದ್ದಲ್ಲಿಂದ ದೂರ’. ಮನೆಯಿಂದ ಹೊರಟರೂ ಆಫ್, ಕುದುರೆ ಮೇಲಿಂದ ಬಿದ್ದರೂ ಆಫ್. ಬಂದೂಕು ಸಿಡಿದರೂ ‘ಗೋ ಆಫ್’. ತಡೆದು ಹಿಡಿದಿದ್ದು ಕೈಬಿಟ್ಟು ಹೋಯಿತು ಅಂತ ಇಟ್ಟುಕೊಂಡರೆ ಬಾಂಬ್, ಪಟಾಕಿ, ಅಲಾರಾಂ ಮೂರೂ ನನಗೆ ಒಟ್ಟಿಗೆ ನೆನಪಿರುತ್ತವೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಫ್ರೇಸಲ್ ವರ್ಬ್‌ಗಳ, ಅಂದರೆ ‘ಗೋ ಆಫ್’ ತರಹ ಕ್ರಿಯಾಪದಕ್ಕೆ ಸಣ್ಣ ಪದ ಅಂಟಿಕೊಂಡ ಜೋಡಿಗಳ, ಒಂದು ಪಟ್ಟಿ ಪ್ರಿಂಟ್ ತೆಗೆದು ಬಾಯಿಪಾಠ ಹಾಕಿದೆ. ಮಗ್ಗಿ ತರಹ ಒಪ್ಪಿಸಬಲ್ಲೆ, ಟಿಕೆಟ್ ಬಂದಾಗ ಮಾತ್ರ ಯಾವ ಅರ್ಥ ಅಂತ ಗೊತ್ತಾಗುತ್ತಿರಲಿಲ್ಲ. ಸುಮ್ನೆ ಎರಡು ವಾರ ಹಾಳು. ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಅರ್ಥ ಬರೆಯುವುದು ಬಿಟ್ಟು, ಟಿಕೆಟ್‌ನಲ್ಲಿ ಬಂದ ಇಡೀ ಸಾಲನ್ನೇ ಬರೆದು, ‘ಆಫ್’ ಹೋಗಿದ್ದು ಯಾರು ಅನ್ನುವುದರ ಕೆಳಗೆ ಗೆರೆ ಎಳೆಯುತ್ತಿದ್ದೆ.

ಗುಟ್ಟು ಅಲ್ಲೇ ಇತ್ತು. ಫ್ರೀಜರ್ ವೆಂಟ್ ಆಫ್ ಅಂದರೆ ಫ್ರೀಜರ್ ನಿಂತಿತು. ಅದೇ ಫ್ರೀಜರಿನ ಅಲಾರಾಂ ವೆಂಟ್ ಆಫ್ ಅಂದರೆ ಬಡಿದುಕೊಂಡಿತು. ಹಾಗೇ ಬಿಟ್ಟರೆ ಒಳಗಿನ ಮೀನೂ ‘ಗೋ ಆಫ್’, ಅಂದರೆ ಕೆಡುತ್ತದೆ. ಹಾಲು, ಮೀನು ಕೆಡುವುದಕ್ಕೆ ಹೀಗೆ ಹೇಳುವುದು ಬ್ರಿಟಿಷರು. ಅಮೆರಿಕದವರು ‘ಗೋ ಬ್ಯಾಡ್’ ಅನ್ನುವುದೇ ಜಾಸ್ತಿ. ಆ ಕಂಪನಿಯವರೊಬ್ಬರು ಒಮ್ಮೆ ಚಾಟ್‌ನಲ್ಲಿ ‘ಐ ಹ್ಯಾವ್ ಗಾನ್ ಆಫ್ ಫಿಶ್’ ಅಂತ ಬರೆದಿದ್ದರು. ಮೀನು ಕೆಟ್ಟಿತಾ ಅಂತ ಗಾಬರಿಯಾದೆ. ಇಲ್ಲ, ಅವರಿಗೇ ಮೀನು ಬೇಜಾರಾಗಿತ್ತು, ಅಷ್ಟೇ. ಹೋಗಿದ್ದು ಮನುಷ್ಯ, ಹಿಂದೆ ತಿನ್ನುವ ವಸ್ತು ಬಂದಿದೆ ಅಂದರೆ ಅದರ ಮೇಲಿನ ಆಸೆ ಹೋಗಿದೆ.

ನಾನೂ ಆಫೀಸಿನ ಮೇಲ್‌ಗಳಲ್ಲಿ ‘ಪ್ರೋಗ್ರಾಂ ವೆಂಟ್ ಆಫ್ ವೆಲ್’, ಅಂದರೆ ಚೆನ್ನಾಗಿ ನಡೆಯಿತು, ಅಂತ ಎಷ್ಟು ಸಲ ಬರೆದಿದ್ದೆನೋ! ಅಲ್ಲಿ ಪ್ರೋಗ್ರಾಂ ನಿಂತುಹೋಯಿತು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಕನ್ನಡದಲ್ಲೂ ನಾವು ಇದನ್ನೇ ಮಾಡುತ್ತೇವೆ. ಶಾಕ್ ಹೊಡೀತು, ಲಾಟರಿ ಹೊಡೀತು, ಕಾಪಿ ಹೊಡೆದ, ಸೈಕಲ್ ಹೊಡೆದ, ಗಿಡಕ್ಕೆ ಔಷಧಿ ಹೊಡೆದ. ‘ಹೊಡಿ’ ಅನ್ನೋದಕ್ಕೆ ಎಷ್ಟು ಅರ್ಥ ಅಂತ ನಮಗ್ಯಾರೂ ಪಟ್ಟಿ ಕೊಟ್ಟಿರಲಿಲ್ಲ. ಪಕ್ಕದಲ್ಲಿ ಕೂತ ಪದ ನೋಡಿಯೇ ಕಲಿತೆವು.

ಇನ್ನೊಂದು ಪೇಚಾಟ ‘ಟರ್ನ್ ಆಫ್’ನದು. ಕೂಗುವ ಅಲಾರಾಂ ನಿಲ್ಲಿಸುವುದಕ್ಕೂ ಆಫೇ! ‘ದ ಅಲಾರ್ಮ್ ವೆಂಟ್ ಆಫ್, ಸೋ ಐ ಟರ್ನ್ಡ್ ಇಟ್ ಆಫ್.’ ಒಂದೇ ಸಾಲು, ಎರಡು ಆಫ್, ಒಂದು ಕೂಗಿಸುತ್ತದೆ, ಇನ್ನೊಂದು ಬಾಯಿ ಮುಚ್ಚಿಸುತ್ತದೆ. ಇದರಲ್ಲಿ ‘ಇಟ್’ ಮಧ್ಯದಲ್ಲೇ ಬರಬೇಕು. ‘ಟರ್ನ್ ಆಫ್ ಇಟ್’ ಅಂತ ನಾನು ತಿಂಗಳುಗಟ್ಟಲೆ ಬರೆದಿದ್ದೇನೆ. ‘ಅಲಾರ್ಮ್’ ಅಂತ ಪೂರ್ತಿ ಹೇಳಿದರೆ ಮಧ್ಯದಲ್ಲೂ ಇಡಬಹುದು, ಕೊನೆಯಲ್ಲೂ ಇಡಬಹುದು.

ಈಗ ಹೊಸಬರಿಗೆ ಆ ಎರಡು ಆಫ್‌ಗಳ ಸಾಲನ್ನೇ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ಆದರೂ ಶಿಫ್ಟ್ ಬದಲಾಗುವಾಗ ನಮ್ಮ ಹುಡುಗರೇ ನಿಂತ ಅಲಾರಾಂಗೆ ‘ವೆಂಟ್ ಆಫ್’ ಅಂತ ಬರೆದಿಟ್ಟು ಮನೆಗೆ ಹೋಗಿರುತ್ತಾರೆ. ಬೆಳಗ್ಗೆ ಆರು ಗಂಟೆಗೆ ಫೋನ್ ಮಾಡಿ ಎಬ್ಬಿಸಿ ಕೇಳುತ್ತೇನೆ: “ಹೊಡೀತೋ, ನಿಂತಿತೋ? ಕನ್ನಡದಲ್ಲಿ ಹೇಳು ಮಾರಾಯ.”