ಸ್ಲೈಡ್ ಫಿಲ್ಮನ್ನು ಅಂಚೆಗೆ ಹಾಕುವ ಮುನ್ನ

ಸ್ಲೈಡ್ ಫಿಲ್ಮ್ ತೊಳೆಯುವ ಲ್ಯಾಬ್‌ಗಳು ಈಗ ವಿರಳ. ದೂರದ ಲ್ಯಾಬಿಗೆ ಅಂಚೆಯಲ್ಲಿ ಕಳಿಸುವುದೇ ಹಲವರಿಗೆ ಉಳಿದ ದಾರಿ. ಕ್ಯಾಮೆರಾದೊಳಗೆ ಬೆಳಕು ಉಂಡ ಫಿಲ್ಮೇ ಕೊನೆಗೆ ಸ್ಲೈಡ್, ಅಂದರೆ ಬೆಳಕಿಗೆ ಹಿಡಿದು ನೋಡುವ ಚಿತ್ರವಾಗಿ ಕೈಗೆ ಬರುತ್ತದೆ. ಅದು ಕಳೆದರೆ ಚಿತ್ರವೇ ಹೋಯಿತು. ಹಾಗಾಗಿ ಲಕೋಟೆ ಹರಿದು ರೋಲೊಂದೇ ಸಿಕ್ಕರೂ ಅದು ಯಾರದು, ಅದಕ್ಕೇನು ಮಾಡಬೇಕು ಎಂಬುದು ಗೊತ್ತಾಗುವಂತಿರಬೇಕು.

ಇದರ ಕೆಲಸ ಫೋಟೊ ತೆಗೆಯುವ ಮೊದಲೇ ಶುರು. ಹಾಳೆಯ ಮೇಲೆ ಹೆಸರು, ಫೋನ್ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದು ಮೊದಲ ಫ್ರೇಮಿನಲ್ಲಿ ಅದರದೇ ಚಿತ್ರ ತೆಗೆಯಿರಿ. ಒಂದು ಫ್ರೇಮ್ ಖರ್ಚಾದರೂ ಚಿಂತೆಯಿಲ್ಲ. ಹೊರಗಿನ ಚೀಟಿ ಕಿತ್ತುಹೋದೀತು, ಫಿಲ್ಮಿನೊಳಗಿನ ಹೆಸರು ಹೋಗುವುದಿಲ್ಲ.

ರೋಲ್ ಮುಗಿದ ಮೇಲೆ 35 ಎಂಎಂ ಫಿಲ್ಮಿನ ತುದಿಯನ್ನು ಪೂರ್ತಿ ಒಳಗೆ ಸುತ್ತಿಬಿಡಿ. ತುದಿ ಹೊರಗಿದ್ದರೆ ಹೊಸ ರೋಲೆಂದು ಯಾರಾದರೂ ಮತ್ತೆ ಕ್ಯಾಮೆರಾಗೆ ಹಾಕುವ ಅಪಾಯವಿದೆ. ಕಾಗದದ ಜೊತೆ ಸುತ್ತಿ ಬರುವ ಅಗಲದ 120 ರೋಲಾದರೆ ಬಿಗಿಯಾಗಿ ಸುತ್ತಿ ಅಂಟುಪಟ್ಟಿ ಒತ್ತಿ. ಸಡಿಲವಾಗಿದ್ದರೆ ಅಂಚಿನಿಂದ ಬೆಳಕು ನುಗ್ಗುತ್ತದೆ.

ಡಬ್ಬಿಯ ಮೇಲೆ ‘ಇ-6’ ಎಂದಿದೆಯೇ ನೋಡಿ. ಅದು ಸ್ಲೈಡ್ ಫಿಲ್ಮ್ ತೊಳೆಯುವ ವಿಧಾನದ ಹೆಸರು. ಎಕ್ಟಾಕ್ರೋಮ್, ಪ್ರೊವಿಯಾ, ವೆಲ್ವಿಯಾ ಫಿಲ್ಮ್‌ಗಳೆಲ್ಲಕ್ಕೂ ಇದೇ ವಿಧಾನ. ಅಪ್ಪಿತಪ್ಪಿ ನೆಗೆಟಿವ್ ಫಿಲ್ಮಿನ ಸಿ-41 ದ್ರಾವಣಕ್ಕೆ ಬಿದ್ದರೆ ಸ್ಲೈಡಿನ ಬದಲು ಬಣ್ಣಗೆಟ್ಟ ನೆಗೆಟಿವ್ ಸಿಗುತ್ತದೆ, ಸರಿಪಡಿಸಲಾಗದು. ಆದ್ದರಿಂದ ಪ್ರತಿ ಡಬ್ಬಿಗೂ ‘ಇ-6 ಮಾತ್ರ’ ಎಂಬ ಚೀಟಿ ಅಂಟಿಸಿ. ಮನೆಯ ಮೂಲೆಯಲ್ಲಿ ಹಳೆಯ ಕೊಡಾಕ್ರೋಮ್ ಸ್ಲೈಡ್ ಫಿಲ್ಮ್ ಸಿಕ್ಕಿದ್ದರೆ ಅದನ್ನು ಈ ಕಟ್ಟಿಗೆ ಸೇರಿಸಬೇಡಿ. ಅದರ ಕೆ-14 ವಿಧಾನವೇ ಬೇರೆ. ಅದನ್ನು ಮಾಡುತ್ತಿದ್ದ ಕೊನೆಯ ಲ್ಯಾಬ್ 2010ರ ಡಿಸೆಂಬರ್ 30ಕ್ಕೆ ರೋಲ್ ಸ್ವೀಕರಿಸುವುದನ್ನು ನಿಲ್ಲಿಸಿತು. ಈಗ ಅದರಿಂದ ಕಪ್ಪು-ಬಿಳುಪು ಚಿತ್ರ ಮಾತ್ರ ಬರಿಸಬಹುದು.

100 ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಎಂಬ ಅಳತೆ) ಫಿಲ್ಮನ್ನು 200 ಎಂದು ಎಣಿಸಿ ಬಳಸಿದ್ದರೆ ‘ಪುಶ್ 1’ (ಒಂದು ಹಂತ ಹೆಚ್ಚಿಸಿ ತೊಳೆಯಿರಿ) ಎಂದು ಆ ರೋಲಿನ ಮೇಲೇ ಬರೆಯಿರಿ. ತೊಳೆದ ಚಿತ್ರಗಳನ್ನು ಒಂದೊಂದಾಗಿ ಕತ್ತರಿಸಿ ಸ್ಲೈಡಿನ ಚೌಕಟ್ಟಿಗೆ ಕೂರಿಸಬೇಕೋ ಬೇಡವೋ ಎಂಬುದನ್ನೂ ತಿಳಿಸಿ. ರಾತ್ರಿಯ ಚಿತ್ರಗಳಿದ್ದರೆ ‘ಕತ್ತರಿಸಬೇಡಿ’ ಎನ್ನುವುದೇ ಒಳಿತು. ಕಪ್ಪು ಆಕಾಶ ಯಾವುದು, ಎರಡು ಚಿತ್ರಗಳ ನಡುವಿನ ಕಪ್ಪು ಗೆರೆ ಯಾವುದು ಎಂದು ತಿಳಿಯದೆ ಕತ್ತರಿ ಚಿತ್ರದ ಮಧ್ಯೆ ಬೀಳಬಹುದು.

ಮುಚ್ಚಳದ ಡಬ್ಬಿ, ಜಿಪ್ ಚೀಲ, ಗಟ್ಟಿ ರಟ್ಟಿನ ಪೆಟ್ಟಿಗೆ ಇಷ್ಟಿದ್ದರೆ ಸಾಕು. ಬಿಸಿಲು, ಸೆಕೆ ಫಿಲ್ಮಿಗೆ ಹಗೆ. ವಾರದ ರಜೆಗೆ ಮುಂಚೆ ಕಳಿಸಿ ಗೋದಾಮಿನಲ್ಲಿ ಕೂರಿಸಬೇಡಿ. ಎಲ್ಲ ರೋಲ್‌ಗಳನ್ನೂ ಒಂದೇ ಪಾರ್ಸೆಲ್‌ಗೆ ತುಂಬದೆ ಎರಡಾಗಿ ಹಂಚಿ, ಜಾಡು ಹಿಡಿಯಬಹುದಾದ ಸೇವೆಯಲ್ಲೇ ಕಳಿಸಿ. ಬೇರೆ ದೇಶಕ್ಕೆ ಹೋಗುವ ಪಾರ್ಸೆಲ್ ಎಕ್ಸ್-ರೇಗೆ ಒಳಗಾಗಬಹುದು. ತೊಳೆಯದ ಫಿಲ್ಮ್ ಅದರಿಂದ ಮಂಕಾದೀತು. ತೊಳೆದು ವಾಪಸ್ ಬರುವ ಸ್ಲೈಡಿಗೆ ಆ ಭಯವಿಲ್ಲ.

ಬಂದ ಕೂಡಲೇ ಅಂಚು ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಚಿತ್ರವಿಲ್ಲದೆ ಪೂರ್ತಿ ಕಪ್ಪಾಗಿದ್ದು ಅಂಚಿನ ಅಕ್ಷರ, ಸಂಖ್ಯೆಗಳು ಸ್ಪಷ್ಟವಾಗಿದ್ದರೆ ಲ್ಯಾಬಿನ ತಪ್ಪಲ್ಲ, ಕ್ಯಾಮೆರಾದಲ್ಲಿ ಫಿಲ್ಮಿಗೆ ಬೆಳಕೇ ತಾಕಿಲ್ಲ. ಅಂಚಿನ ಅಕ್ಷರಗಳೂ ಕಾಣದಿದ್ದರೆ ಆಗ ಲ್ಯಾಬಿಗೆ ಫೋನ್ ಮಾಡಿ.